ಸಹಾಯ ಬೇಕು: ಕಿಡ್ನಿ ಗಡ್ಡೆಗೆ ಸಿಎ-9 ಸ್ಟೇನ್ (ಆ ಪ್ರೋಟೀನ್ ಎಲ್ಲಿದೆ ಎಂದು ತೋರಿಸುವ ಬಣ್ಣದ ಪರೀಕ್ಷೆ), ಮಂಗಳೂರು-ಉಡುಪಿ ಕಡೆ ಯಾರು ಮಾಡ್ತೀರಿ?

ಕ್ಲಿಯರ್ ಸೆಲ್ ಕಾರ್ಸಿನೋಮವೋ (ಕಿಡ್ನಿ ಕ್ಯಾನ್ಸರ್), ಕ್ಲಿಯರ್ ಸೆಲ್ ಪ್ಯಾಪಿಲ್ಲರಿ ಗಡ್ಡೆಯೋ ಎಂದು ತೀರ್ಮಾನಿಸಬೇಕಾದ ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶ) ಇದೆ. ಸಿಕೆ-7 ಎಂಬ ಇನ್ನೊಂದು ಸ್ಟೇನ್ ಅಲ್ಲಲ್ಲಿ ಮಾತ್ರ ಬಂದಿದೆ, ಅದೊಂದನ್ನೇ ನಂಬುವ ಹಾಗಿಲ್ಲ. ಸಿಎ-9 ಮೊದಲನೆಯದರಲ್ಲಿ ಜೀವಕೋಶದ ಸುತ್ತಲೂ ಹಿಡಿಯುತ್ತದೆ. ಎರಡನೆಯದರಲ್ಲಿ ಮೇಲ್ಭಾಗ ಬಿಟ್ಟು ಬಟ್ಟಲಿನಂತೆ.

2019ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ವಿಲಿಯಂ ಕೇಲಿನ್ ಅವರ ಪ್ರಬಂಧಗಳನ್ನು ಓದಿದವರಿಗೆ ಮೊದಲನೆಯದರಲ್ಲಿ ಹೀಗಾಗಲು ಕಾರಣ ಗೊತ್ತು: ವಿಎಚ್‌ಎಲ್ ಜೀನ್ ಕೆಟ್ಟರೆ ಎಚ್‌ಐಎಫ್ (ಆಮ್ಲಜನಕ ಕಡಿಮೆಯಾದಾಗ ಕೆಲಸ ಮಾಡುವ ಪ್ರೋಟೀನ್) ನಾಶವಾಗದೆ ಉಳಿದು ಸಿಎ-9 ಹೆಚ್ಚಿಸುತ್ತದೆ. ಆದರೆ ಆಮ್ಲಜನಕ ಸಿಗದ ನೆಕ್ರೋಸಿಸ್ (ಸತ್ತ ಅಂಗಾಂಶ) ಅಂಚಿನಲ್ಲೂ, ಯಾವ ಗಡ್ಡೆಯಾದರೂ, ಅದು ಕಾಣಿಸಿಕೊಳ್ಳಬಹುದು. ಹಾಗಾಗಿ ಆ ಭಾಗ ಬಿಟ್ಟೇ ಓದಬೇಕು.

ಬಣ್ಣ ಹಿಡಿಸಲು ಬಯೋಟಿನ್ ಬಳಸುವ ಅವಿಡಿನ್-ಬಯೋಟಿನ್ ಕಿಟ್ ದಯವಿಟ್ಟು ಬೇಡ. ಕಿಡ್ನಿಯಲ್ಲಿ ಬಯೋಟಿನ್ ಮೊದಲೇ ಜಾಸ್ತಿ, ಸುಳ್ಳು ಪಾಸಿಟಿವ್ ಬರುತ್ತದೆ. ಬಯೋಟಿನ್ ಇಲ್ಲದ ಪಾಲಿಮರ್ ಕಿಟ್ಟೇ ಆಗಬೇಕು. ಕಂಟ್ರೋಲ್‌ಗೆ (ಸ್ಟೇನ್ ಸರಿ ಕೆಲಸ ಮಾಡಿದೆಯೇ ನೋಡಲು) ಜಠರದ ಒಳಪದರ ಸಾಕು. 10% ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್‌ನಲ್ಲಿ ಫಿಕ್ಸ್ ಆದ ಅಂಗಾಂಶ. ಚಾರ್ಜ್ಡ್ ಸ್ಲೈಡ್‌ನಲ್ಲಿ 3–4 ಮೈಕ್ರಾನ್ ಸೆಕ್ಷನ್ ತೆಗೆದು ಕೊಡುತ್ತೇವೆ.

ಯಾವ ಲ್ಯಾಬ್, ಯಾವ ಕ್ಲೋನ್ (ಪ್ರತಿಕಾಯದ ತಳಿ), ದರ ಎಷ್ಟು, ರಿಪೋರ್ಟ್‌ಗೆ ಎಷ್ಟು ದಿನ? ಮಣಿಪಾಲವಾದರೂ ಸರಿ, ಸ್ಲೈಡ್ ತಲುಪಿಸುತ್ತೇವೆ.