ಅಪ್ಪನ ಅಗಲ ಪಾದಕ್ಕೆ ಶೂ: ಅಚ್ಚು ಹೊಂದಿಸೋದು ಹೇಗೆ?

ಮಂಜು, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಪರ್ಸು, ಬೆಲ್ಟು, ಚಪ್ಪಲಿ ಇಷ್ಟನ್ನು ಮನೆಯಲ್ಲೇ ಮಾಡಿಕೊಂಡು ಬಂದಿದ್ದೇನೆ. ಈಗ ಅಪ್ಪನಿಗೆ ಒಂದು ಜೊತೆ ಶೂ ಮಾಡಿಕೊಡಬೇಕು ಅಂತ ಆಸೆ. ಅವರಿಗೆ ಅಂಗಡಿ ಶೂ ಯಾವುದೂ ಆಗುತ್ತಿಲ್ಲ. ಪಾದ ಅಗಲ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮೂಳೆ ಹೊರಗೆ ಉಬ್ಬಿದೆ. ಉದ್ದಕ್ಕೆ 7ನೇ ಸೈಜು ಸಾಕು, ಆದರೆ ಅಗಲಕ್ಕೋಸ್ಕರ 9 ತಗೊಳ್ಳುತ್ತಾರೆ. ಮುಂದೆ ತುದಿಯೆಲ್ಲ ಖಾಲಿ, ಹಿಂದೆ ಹಿಮ್ಮಡಿ ಎದ್ದೆದ್ದು ಬರುತ್ತದೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದರೆ ಆ ಮೂಳೆಯ ಮೇಲೆ ಕೆಂಪಗಾಗಿರುತ್ತದೆ.

7ನೇ ಸೈಜಿನ ಪ್ಲಾಸ್ಟಿಕ್ ಅಚ್ಚು (ಯಾವುದರ ಮೇಲೆ ಚರ್ಮ ಎಳೆದು ಶೂ ಮಾಡುತ್ತಾರೋ ಆ ಪಾದದ ಆಕಾರ) ಒಂದು ಜೊತೆ ಸಿಕ್ಕಿದೆ. ನಡುವೆ ಕೀಲು ಇದೆ. ಅಪ್ಪನ ಪಾದದ ಉದ್ದ 255 ಮಿ.ಮೀ., ಅಚ್ಚಿನ ಉದ್ದ 271. ಬೆರಳ ಬುಡದಲ್ಲಿ ಸುತ್ತಳತೆ ಎಡಗಾಲು 250, ಬಲಗಾಲು 258. ಅಚ್ಚಿನದು ಬರೀ 242. ಈ ವ್ಯತ್ಯಾಸ ತುಂಬೋದು ಹೇಗೆ? ಬೇರೆ ಅಚ್ಚೇ ಬೇಕಾ? ಚರ್ಮ ಯಾವುದು ತರಲಿ? ಅಟ್ಟೆಯನ್ನು (ಸೋಲ್) ಅಂಟಿಸಿದರೆ ಸಾಕಾ, ಹೊಲಿಯಲೇಬೇಕಾ?

ಸುಮಂಗಲಾ, ಧಾರವಾಡ:

ಮಂಜು ಅವರೇ, ಚರ್ಮ, ಹೊಲಿಗೆ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಅಚ್ಚು ಕಾಲಿಗೆ ಹೊಂದಲಿಲ್ಲ ಅಂದರೆ ಮೇಲೆ ಎಷ್ಟು ಚಂದ ಹೊಲಿದರೂ ಅಪ್ಪನಿಗೆ ಹಿತ ಆಗಲ್ಲ. ಬೇರೆ ಅಚ್ಚಿಗೆ ದುಡ್ಡು ಹಾಕಬೇಡಿ. ಉದ್ದ ಸರಿ ಇದೆ, ಬೆರಳ ಮುಂದೆ 16 ಮಿ.ಮೀ. ಜಾಗ ಉಳಿಯುತ್ತದೆ, ಅಷ್ಟು ಬೇಕು. ಕಮ್ಮಿ ಇರೋದು ಸುತ್ತಳತೆ ಮಾತ್ರ. ಅಚ್ಚಿನ ಮೇಲೆ ಚರ್ಮದ ತುಂಡು ಅಂಟಿಸಿ ಕಾಲಿನ ಆಕಾರಕ್ಕೆ ತರೋದು ಶೂ ಮಾಡುವವರು ಹಿಂದಿನಿಂದಲೂ ಮಾಡಿಕೊಂಡು ಬಂದ ಕೆಲಸ.

ಅಳತೆಯನ್ನು ಮಾತ್ರ ಇನ್ನೊಮ್ಮೆ ತೆಗೆಯಿರಿ, ಸಂಜೆ ಹೊತ್ತು. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಶೂ ಆ ಕಾಲಿಗೂ ಆಗಬೇಕು ಅಲ್ವಾ? ಅವರು ದಿನಾ ಹಾಕುವ ಸಾಕ್ಸನ್ನೇ ಹಾಕಿಸಿ. ದಪ್ಪ ಕಾಗದದ ಮೇಲೆ ಎರಡೂ ಕಾಲಿಗೆ ಸಮ ಭಾರ ಬಿಟ್ಟು ನಿಲ್ಲಲಿ. ಪೆನ್ಸಿಲ್ ನೆಟ್ಟಗಿರಲಿ. ಅದು ಪಾದದ ಕೆಳಗೆ ವಾಲಿದರೆ ಅಗಲ ಸುಳ್ಳು ಬರುತ್ತದೆ. ಬೆರಳ ಬುಡದಲ್ಲಿ ಟೇಪು ನೇರ ಅಡ್ಡ ಹಾಕಬೇಡಿ, ಓರೆಯಾಗಿ ಹೋಗಬೇಕು. ಹೆಬ್ಬೆರಳ ಗಂಟು ಮುಂದಿರುತ್ತದೆ, ಕಿರುಬೆರಳ ಗಂಟು ಹಿಂದಿರುತ್ತದೆ. ಹಿಮ್ಮಡಿಯ ತುದಿಯಿಂದ ಆ ಎರಡು ಗಂಟಿಗೂ ಎಷ್ಟು ದೂರ ಅಂತ ಅಳೆದು, ಅಚ್ಚಿನ ಮೇಲೂ ಅದೇ ಜಾಗದಲ್ಲಿ ಗುರುತು ಹಾಕಿ. ಪಾದದ ಮೇಲಿನ ಉಬ್ಬಿನ ಸುತ್ತಳತೆಯೂ ಬೇಕು, ನೀವು ಅದನ್ನು ಬರೆದಿಲ್ಲ.

ಈಗ ಆ ಕಾಗದದ ಮೇಲೆ ಅಚ್ಚು ಇಟ್ಟು ನೋಡಿ. ಗೆರೆ ಎಲ್ಲಿ ಅಚ್ಚಿನಿಂದ ಹೊರಗೆ ಕಾಣುತ್ತದೋ ಅಲ್ಲೇ ಚರ್ಮ ಬೇಕು. ಸುತ್ತಲೂ ಸಮವಾಗಿ ಸುತ್ತಬೇಡಿ. ಮೊದಲು ಮೂಳೆಯ ಜಾಗ. ಅಚ್ಚಿನ ಪ್ಲಾಸ್ಟಿಕ್ಕನ್ನು ಅರದಿಂದ ಉಜ್ಜಿ ಒರಟು ಮಾಡಿ, ಇಲ್ಲಾಂದ್ರೆ ಸೊಲ್ಯೂಷನ್ ಹಿಡಿಯಲ್ಲ. ತೊಗಟೆಯಲ್ಲಿ ಹದ ಮಾಡಿದ 3 ಮಿ.ಮೀ. ಚರ್ಮದಲ್ಲಿ ಎಂಟಾಣೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ತುಂಡು ಕತ್ತರಿಸಿ. ಒದ್ದೆ ಮಾಡಿ, ಸುತ್ತಿಗೆಯಲ್ಲಿ ತಟ್ಟಿ ಅಚ್ಚಿನ ಬಾಗಿಗೆ ಕೂರಿಸಿ. ಒಣಗಿದ ಮೇಲೆ ಅಂಟಿಸಿ. ಅದರ ಮೇಲೆ ಇನ್ನೊಂದು, ಅದಕ್ಕಿಂತ ದೊಡ್ಡದು. ಚಿಕ್ಕದು ಕೆಳಗೆ, ದೊಡ್ಡದು ಮೇಲೆ, ಇದೇ ಕ್ರಮ. ಹೀಗೆ ಮಾಡಿದರೆ ಕೆಳಗಿನ ಅಂಚುಗಳೆಲ್ಲ ಮುಚ್ಚಿಹೋಗಿ, ಸವರಲು ಒಂದೇ ಅಂಚು ಉಳಿಯುತ್ತದೆ. ಆ ಅಂಚನ್ನು ಚಾಕುವಿನಲ್ಲಿ ಕಾಗದದಷ್ಟು ತೆಳುವಾಗೋವರೆಗೂ ಸವರಿ, ಆಮೇಲೆ ಸ್ಯಾಂಡ್ ಪೇಪರ್ ಹಾಕಿ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಚ್ಚಿನ ಮೇಲಿಂದ ತುಂಡಿನ ಮೇಲಕ್ಕೆ ಜಾರಿಸಿ. ತುಂಡು ಎಲ್ಲಿ ಶುರುವಾಯಿತು ಅಂತ ಬೆರಳಿಗೆ ಗೊತ್ತಾಗಬಾರದು. ಗೊತ್ತಾಯಿತು ಅಂದರೆ ನಾಳೆ ಶೂ ಮೇಲೂ ಆ ಗೆರೆ ಮೂಡುತ್ತದೆ.

ಮಿಕ್ಕ ವ್ಯತ್ಯಾಸಕ್ಕೆ ಕಿರುಬೆರಳ ಕಡೆ ಒಂದು ಪಟ್ಟಿ, ಪಾದದ ಮೇಲ್ಭಾಗಕ್ಕೆ ಒಂದು ಅಗಲ ತುಂಡು. ಒಂದೊಂದು ತುಂಡು ಹಾಕಿದಾಗಲೂ ಟೇಪು ಹಿಡಿಯಿರಿ. ಸಂಜೆಯ ಅಳತೆಯೂ ಅದೇ ಬಂದರೆ ಎಡದ್ದು 250ಕ್ಕೆ, ಬಲದ್ದು 258ಕ್ಕೆ ನಿಲ್ಲಲಿ. ಎರಡೂ ಒಂದೇ ಥರ ಕಾಣಲಿ ಅಂತ ಎಡಗಾಲಿನದನ್ನೂ ಹಿಗ್ಗಿಸಬೇಡಿ. ಹಿಮ್ಮಡಿಯನ್ನಂತೂ ಮುಟ್ಟಲೇಬೇಡಿ. ಮುಂದೆ ಅಗಲ ಇರುವ ಪಾದಕ್ಕೆ ಹಿಂದೆಯೂ ಅಗಲ ಇರಬೇಕು ಅಂತೇನಿಲ್ಲ. 9ನೇ ಸೈಜಿನಲ್ಲಿ ನಿಮ್ಮಪ್ಪನ ಹಿಮ್ಮಡಿ ಎದ್ದು ಬರುವುದೇ ಅದಕ್ಕೆ. ಕೊನೆಗೆ ತುಂಡುಗಳ ಮೇಲೆ ಪ್ಯಾಕಿಂಗ್ ಟೇಪು ಅಂಟಿಸಿ, ಶೂ ಎಳೆದು ಕೂರಿಸುವ ಮುಂಚೆ ಪೌಡರ್ ಹಚ್ಚಿ. ಅಚ್ಚು ಸಲೀಸಾಗಿ ಈಚೆ ಬರುತ್ತದೆ.

ಮಾದರಿಗೆ ಡರ್ಬಿ ಆರಿಸಿ. ಲೇಸಿನ ಎರಡು ರೆಕ್ಕೆ ಮೇಲೆ ಬಿಡಿಯಾಗಿ ಕೂರುವುದರಿಂದ ಉಬ್ಬಿದ ಪಾದಕ್ಕೆ ಬೇಕಾದಷ್ಟು ಸಡಿಲ ಬಿಡಬಹುದು. ಮುಂಭಾಗ ಬೋಳಾಗಿರಲಿ. ಟೋ ಕ್ಯಾಪ್, ತೂತಿನ ಡಿಸೈನ್ ಯಾವುದೂ ಬೇಡ. ಆ ಮೂಳೆಯ ಮೇಲೆ ಒಂದು ಹೊಲಿಗೆಯೂ ಹಾಯಬಾರದು. ನಾನು ಯಾವ ಡಿಸೈನನ್ನು ಬೇಕಾದರೂ ಬಿಟ್ಟುಕೊಡುತ್ತೇನೆ, ಇದೊಂದನ್ನು ಬಿಡಲ್ಲ.

ಚರ್ಮಕ್ಕೆ 1.2ರಿಂದ 1.4 ಮಿ.ಮೀ. ದಪ್ಪದ ಕರುವಿನ ಚರ್ಮ, ಒಳಗೆ ಆಡಿನ ಚರ್ಮದ ಅಸ್ತರು. ಚೆನ್ನೈಗೆ ಹೋಗುವವರು ಯಾರಾದರೂ ಇದ್ದರೆ ಅಲ್ಲಿನ ಚರ್ಮದ ಪೇಟೆ ಪೆರಿಯಮೇಟಿನಲ್ಲಿ ಕೈಯಲ್ಲಿ ಹಿಡಿದು ನೋಡಿ ತರಲಿ. ಕತ್ತರಿಸುವಾಗ ಚರ್ಮವನ್ನು ಎರಡೂ ದಿಕ್ಕಿಗೆ ಎಳೆದು ನೋಡಿ. ಯಾವ ಕಡೆ ಕಮ್ಮಿ ಹಿಗ್ಗುತ್ತದೋ ಅದು ಹಿಮ್ಮಡಿಯಿಂದ ಬೆರಳ ಕಡೆಗೆ ಬರಬೇಕು. ಬೆನ್ನಿನ ಭಾಗ ಮುಂಭಾಗಕ್ಕೆ, ಹೊಟ್ಟೆಯ ಭಾಗ ಬಿಡಿ.

ಇನ್ನೊಂದು. ಒಳ್ಳೆ ಚರ್ಮಕ್ಕೆ ಚಾಕು ಹಾಕುವ ಮೊದಲು ಅಗ್ಗದ ಚರ್ಮದಲ್ಲಿ ಒಂದು ಪರೀಕ್ಷೆ ಶೂ ಮಾಡಿ, ಅಟ್ಟೆಯನ್ನು ಸುಮ್ನೆ ಅಂಟಿಸಿ. ಅಪ್ಪ ಅದನ್ನು ಹಾಕಿಕೊಂಡು ಮನೆಯೊಳಗೆ ಅರ್ಧ ಗಂಟೆ ಓಡಾಡಲಿ. ಆಮೇಲೆ ಅದು ಕಾಲಲ್ಲಿ ಇರುವಾಗಲೇ ಮೂಳೆಯ ಜಾಗದಲ್ಲಿ, ಬೆರಳ ತುದಿಯಲ್ಲಿ ಗುರುತು ಹಾಕಿ, ಬಿಚ್ಚಿಸಿ, ಅಲ್ಲಿ ಕಿಟಕಿ ಕೊರೆದು ಮತ್ತೆ ಹಾಕಿಸಿ. ಒಳಗೆ ಪಾದ ಹೇಗೆ ಕೂತಿದೆ ಅಂತ ಕಣ್ಣಾರೆ ಕಾಣುತ್ತದೆ.

ಅಟ್ಟೆ ವಿಷಯಕ್ಕೆ ಬಂದರೆ, ಮೊದಲ ಜೊತೆಗೆ ಅಂಟಿಸಿದರೂ ನಡೆಯುತ್ತದೆ ಅಂತ ನನ್ನ ಲೆಕ್ಕ. ಒಪ್ಪದವರು ಹೇಳಿ.

ಪರಶುರಾಮ, ಅಥಣಿ:

ಅಕ್ಕಾ, ಅಚ್ಚಿನ ವಿಷಯ ಪೂರ್ತಿ ಒಪ್ಪಿದೆ. ಅಂಟಿಸಿದರೂ ನಡೆಯುತ್ತದೆ ಅನ್ನೋದನ್ನು ನಾನು ಒಪ್ಪಲ್ಲ.

ನಮ್ಮದು ಸಮಗಾರರ ಮನೆ. ಕೊಲ್ಹಾಪುರಿ ಅಂತ ನೀವು ಕರೆಯುವ ಚಪ್ಪಲಿ ನಮ್ಮ ಓಣಿಯಲ್ಲೂ ತಲೆತಲಾಂತರದಿಂದ ಆಗುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಆ ಚಪ್ಪಲಿಗೆ ಮೊಳೆ ಇಲ್ಲ. ಎಮ್ಮೆ ಚರ್ಮದ ಅಟ್ಟೆಯ ಪದರಗಳನ್ನು ಚರ್ಮದ ದಾರದಲ್ಲೇ ಹೊಲಿಯುತ್ತೇವೆ. ಪಟ್ಟಿ ಸಿಗಿಸುವ ಕಿವಿಗಳನ್ನು ಪದರಗಳ ನಡುವೆ ಇಟ್ಟು ಹೊಲಿದುಬಿಟ್ಟರೆ ಅಲ್ಲಾಡಲ್ಲ. ಸೊಲ್ಯೂಷನ್ ನಮ್ಮ ಬಿಸಿಲಿಗೆ ಕಾದು ಕಾದು ಬಿಡುತ್ತದೆ. ಹೊಲಿದ ಅಟ್ಟೆ ಸವೆದರೆ ಬಿಚ್ಚಿ ಬೇರೆ ಹಾಕಬಹುದು.

ಮಂಜು ಅಣ್ಣ, ಸ್ಟಿಚ್‌ಡೌನ್ ಮಾಡಿ. ಮೇಲಿನ ಚರ್ಮವನ್ನು ಅಚ್ಚಿನ ಕೆಳಗೆ ಮಡಚುವ ಬದಲು ಹೊರಗೆ ಅಂಚಿನಂತೆ ಬಿಟ್ಟು, ಅಟ್ಟೆಯ ಮೇಲೆ ಸುತ್ತಲೂ ಹೊಲಿಯೋದು. ಚಪ್ಪಲಿ ಹೊಲಿದ ಕೈಗೆ ಇದು ಕಷ್ಟ ಅಲ್ಲ. ಒಂದೇ ದಾರ, ಎರಡು ತುದಿಗೂ ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹಾಯಿಸಿ. ದಾರಕ್ಕೆ ಜೇನುಮೇಣದ ಜೊತೆ ಸ್ವಲ್ಪ ರಾಳ ಕರಗಿಸಿ ತಿಕ್ಕಿ, ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಒಂದು ಕಡೆ ಸವೆದು ಕಿತ್ತರೂ ಇನ್ನೊಂದು ಎಳೆ ಹಿಡಿದಿರುತ್ತದೆ.

ಅಟ್ಟೆ ಚರ್ಮವನ್ನು ಒಣದು ಕತ್ತರಿಸಬೇಡಿ. ನೀರಿಗೆ ಹಾಕಿದಾಗ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿಡಿ. ಮರುದಿನ ಮೇಲಿನ ಬಣ್ಣ ತಿಳಿಯಾಗುತ್ತ ಬರುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಅದೇ ಹದ. ಆಗ ಕಲ್ಲಿನ ಮೇಲಿಟ್ಟು ನಡುವಿನಿಂದ ಅಂಚಿನ ಕಡೆಗೆ ಬಡಿಯಿರಿ, ಚರ್ಮ ಗಟ್ಟಿಯಾಗುತ್ತದೆ. ಬಡಿದ ಮೇಲೆ ರಂಪಿಗೆ (ಚರ್ಮ ಕತ್ತರಿಸುವ ನಮ್ಮ ಉಳಿ) ಹಾಕಿ. ರಂಪಿಗೆ ಸಿಗದಿದ್ದರೆ ಯಾವ ಚಾಕುವಾದರೂ ಸರಿ, ಮಧ್ಯೆ ಮಧ್ಯೆ ಕಲ್ಲಿಗೆ ತಿಕ್ಕುತ್ತಿರಿ.

ಒಂದು ಮಾತು ಎಲ್ಲರಿಗೂ. ನಿಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರ, ಮರದ ಕೆಳಗೆ, ಚಪ್ಪಲಿ ಹೊಲಿಯುವ ಹಿರಿಯರು ಇರುತ್ತಾರೆ. ವಿಡಿಯೋ ನೋಡೋದಕ್ಕಿಂತ ಅವರ ಪಕ್ಕ ಕೂತರೆ ದಬ್ಬಣ ಹಿಡಿಯುವುದು ಬೇಗ ಬರುತ್ತದೆ. ಆದರೆ ಸುಮ್ನೆ ಕೂತು ಕಲಿತು ಎದ್ದು ಬರಬೇಡಿ. ಅವರ ಹೊತ್ತಿಗೆ ದುಡ್ಡು ಕೊಡಿ, ಮಾತಿಗೆ ಮರ್ಯಾದೆ ಕೊಡಿ. ಈ ಕೆಲಸ ಮಾಡಿದ್ದಕ್ಕೇ ನಮ್ಮ ಹಿರಿಯರನ್ನು ಊರ ಹೊರಗೆ ಇಟ್ಟಿದ್ದರು. ಇವತ್ತು ನೀವು ಪ್ರೀತಿಯಿಂದ ಇದೇ ಕೆಲಸಕ್ಕೆ ಕೈ ಹಾಕಿದ್ದು ನೋಡಿ ನನಗೆ ನಿಜವಾಗಿ ಖುಷಿ. ಯಾರ ಕೈಯಿಂದ ಬಂದ ವಿದ್ಯೆ ಅನ್ನೋದು ನಿಮ್ಮ ಮನಸ್ಸಿನಲ್ಲಿರಲಿ.

ವಸಂತಿ, ಮಣಿಪಾಲ:

ಮಂಜು, ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದೆಯಾ? ಕೆಂಪಾದ ಜಾಗದಲ್ಲಿ ಅವರಿಗೆ ನೋವು ಗೊತ್ತಾಗುತ್ತಿದೆಯಾ? ನಾನು ಕಾಲಿನ ತೊಂದರೆ ಇರುವವರಿಗೆ ಚಪ್ಪಲಿ, ಶೂ ಮಾಡುವ ಕಡೆ ಕೆಲಸ ಮಾಡುತ್ತೇನೆ, ಅದಕ್ಕೇ ಕೇಳಿದೆ. ಸ್ಪರ್ಶ ಕಮ್ಮಿಯಾದ ಪಾದಕ್ಕೆ ಶೂ ಕಚ್ಚುತ್ತಿರುವುದು ತಿಳಿಯಲ್ಲ. ಸಣ್ಣ ಕೆಂಪು ಹುಣ್ಣಾಗುತ್ತದೆ.

ಹಾಗಿದ್ದರೆ ಮೊದಲು ಡಾಕ್ಟರಿಗೆ ಪಾದ ತೋರಿಸಿ. ಆಮೇಲೆ ಶೂ ಒಳಗೆ ಎಂಸಿಆರ್ ಹಾಳೆ ಹಾಕಿ. ಸಣ್ಣ ಸಣ್ಣ ಗಾಳಿಗೂಡು ಇರುವ ಮೆತ್ತನೆ ರಬ್ಬರ್ ಅದು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಜೊತೆಯವರು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಇಂಥ ಚಪ್ಪಲಿ ಕೊಟ್ಟು ಹುಣ್ಣು ತಡೆಯುವ ಕೆಲಸ ಮಾಡಿದರು. ಈಗ ಸಕ್ಕರೆ ಕಾಯಿಲೆಯವರಿಗೂ ಅದನ್ನೇ ಬಳಸುತ್ತೇವೆ. ಮತ್ತೆ, ಇಂಥವರ ಶೂಗೆ ಮೊಳೆ ಬೇಡವೇ ಬೇಡ. ಸವೆದ ಮೇಲೆ ಮೊಳೆ ಒಳಗೆ ಎದ್ದರೂ ಅವರಿಗೆ ಗೊತ್ತಾಗಲ್ಲ. ಪರಶುರಾಮ ಅವರು ಹೇಳಿದ ಹೊಲಿಗೆಯೇ ಸರಿ.

ಮಂಜು, ದಾವಣಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು ಮೇಡಂ, ಸಕ್ಕರೆ ಇದೆ. ನೀವು ಕೇಳಿದ ಮೇಲೆ ಅಪ್ಪನ ಹತ್ತಿರ ವಿಚಾರಿಸಿದೆ, ಬೆರಳ ಕಡೆ ಸ್ವಲ್ಪ ಜೋಮು ಹಿಡಿದ ಹಾಗೆ ಇರುತ್ತದೆ ಅಂದರು. ಇಷ್ಟು ದಿನ ಹೇಳಿಯೇ ಇರಲಿಲ್ಲ. ಈ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸ್ಟಿಚ್‌ಡೌನೇ ಮಾಡುತ್ತೇನೆ ಪರಶುರಾಮ ಅವರೇ. ನಮ್ಮ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಅಜ್ಜ ಇದ್ದಾರೆ, ಅವರನ್ನೂ ಕೇಳುತ್ತೇನೆ.

ಒಂದು ಅನುಮಾನ. ಎಂಸಿಆರ್ ಹಾಳೆ 8 ಮಿ.ಮೀ. ಇದ್ದರೆ ಶೂ ಒಳಗಿನ ಜಾಗ ಅಷ್ಟು ಕಮ್ಮಿ ಆಗುತ್ತದಲ್ಲ? ಅಚ್ಚಿನ ಸುತ್ತಳತೆಯನ್ನು ಇನ್ನೂ ಹೆಚ್ಚಿಸಲಾ?

ಸುಮಂಗಲಾ, ಧಾರವಾಡ:

ಪರಶುರಾಮ ಅವರ ಮಾತು ಒಪ್ಪಿದೆ. ಅಂಟು ಪರೀಕ್ಷೆ ಶೂಗೆ ಮಾತ್ರ ಇರಲಿ.

ಮಂಜು, ಅಚ್ಚಿನ ಮೇಲೆ ಹೆಚ್ಚಿಸಬೇಡಿ. ಅಚ್ಚು ಅಂದರೆ ಅಪ್ಪನ ಪಾದ. ಹಾಳೆ ಅದರ ಕೆಳಗೆ ಬರುವಂಥದ್ದು. ಮೊದಲು ಅಚ್ಚನ್ನು 250, 258ಕ್ಕೆ ಹೊಂದಿಸಿ ಮುಗಿಸಿ. ಆಮೇಲೆ ಅಷ್ಟೇ ದಪ್ಪದ ಗಟ್ಟಿ ಇವಿಎ (ಒಂದು ಬಗೆಯ ಫೋಮ್) ಹಾಳೆಯನ್ನು ಅಚ್ಚಿನ ತಳದ ಆಕಾರಕ್ಕೆ ಕತ್ತರಿಸಿ ತಳಕ್ಕೆ ಅಂಟಿಸಿ, ಎರಡನ್ನೂ ಸೇರಿಸಿ ಮಾಸ್ಕಿಂಗ್ ಟೇಪು ಸುತ್ತಿ, ಚರ್ಮ ಕತ್ತರಿಸಲು ಬೇಕಾದ ಮಾದರಿ ತೆಗೆಯಿರಿ. ಎಂಸಿಆರ್ ಹಾಳೆಯನ್ನೇ ಇಟ್ಟು ಮೇಲೆ ಚರ್ಮ ಎಳೆದರೆ ಅದು ಒತ್ತಿಕೊಂಡು ಜಾಗ ಸುಳ್ಳು ಬರುತ್ತದೆ, ಅದಕ್ಕೇ ಗಟ್ಟಿ ಹಾಳೆ. ಶೂ ಮುಗಿದು ಅಚ್ಚು ತೆಗೆದಾಗ ಇವಿಎ ಆಚೆ ಬರುತ್ತದೆ, ಅದರ ಜಾಗಕ್ಕೆ ಎಂಸಿಆರ್. ಹಿಂಭಾಗದ ಎತ್ತರವನ್ನೂ ಆ 8 ಮಿ.ಮೀ. ಸೇರಿಸಿಯೇ ಲೆಕ್ಕ ಹಾಕಿ, ಇಲ್ಲಾಂದ್ರೆ ಹಿಮ್ಮಡಿ ಶೂನಿಂದ ಮೇಲೆ ಬರುತ್ತದೆ. ಎಡಗಾಲಿಗೆ ತೊಂದರೆ ಇಲ್ಲ ಅಂತ ಅಲ್ಲಿ ಹಾಳೆ ಬಿಡಬೇಡಿ. ಒಂದು ಕಾಲು ಎತ್ತರ, ಒಂದು ಕಾಲು ತಗ್ಗು ಆದರೆ ಸೊಂಟ ನೋಯಬಹುದು.