ಕಿಶ್‌ನ ತಾಮ್ರದ ಗೊಂಬೆ ಜಿರಾಫೆಯಾ, ಜಿಂಕೆಯಾ?

ಚಿಕ್ಕಪ್ಪ (ಫಾರ್ವರ್ಡ್): ಆನೆ ಗಾತ್ರದ ಜಿರಾಫೆ ಶಿವಥೀರಿಯಂ! 5000 ವರ್ಷದ ಹಿಂದೆ ಸುಮೇರಿಯನ್ನರು (ಈಗಿನ ಇರಾಕಿನ ಪುರಾತನ ಜನ) ಅದನ್ನು ಸಾಕಿ ಮೂಗುದಾರ ಹಾಕಿದ್ದರು. ಇರಾಕಿನ ಕಿಶ್‌ನಲ್ಲಿ ಸಿಕ್ಕ ತಾಮ್ರದ ಗೊಂಬೆಯೇ ಸಾಕ್ಷಿ. ಎಲ್ಲರಿಗೂ ಕಳಿಸಿ!!

ಅತ್ತೆ: ಅಬ್ಬಾ! ಮಕ್ಕಳಿಗೆ ತೋರಿಸುತ್ತೇನೆ.

ಅಕ್ಕ: ಅತ್ತೆ, ಸ್ವಲ್ಪ ತಡೆಯಿರಿ. ಪ್ರಾಣಿ ನಿಜ. ಸಾಕಿದ ಕಥೆ ನಿಜ ಅಲ್ಲ.

ಚಿಕ್ಕಪ್ಪ: ಸುಮ್ನೆ ತಕರಾರು ತೆಗೆಯಬೇಡ. ಕೋಲ್ಬರ್ಟ್ ಅನ್ನೋ ದೊಡ್ಡ ಪಳೆಯುಳಿಕೆ ತಜ್ಞರೇ 1936ರಲ್ಲಿ ಹೀಗೆ ಬರೆದಿದ್ದಾರೆ.

ಅಕ್ಕ: ಬರೆದದ್ದು ಹೌದು. ಆದರೆ ಆಗ ಗೊಂಬೆಯ ಕೊಂಬು ಮುರಿದಿತ್ತು. ಉಳಿದ ಮೋಟು ನೋಡಿ ಶಿವಥೀರಿಯಂ ಇರಬೇಕು ಅಂದರು. ಎಷ್ಟೋ ವರ್ಷದ ಮೇಲೆ ಮ್ಯೂಸಿಯಂ ಉಗ್ರಾಣದಲ್ಲೇ ಮುರಿದ ತುಂಡುಗಳು ಸಿಕ್ಕವು. ಜೋಡಿಸಿದರೆ ಜಿಂಕೆಯ ಕವಲುಕೊಂಬು!

ಅಣ್ಣ: ಮೂಗಿನ ಹಗ್ಗ?

ಅಕ್ಕ: ಹಿಡಿದು ತಂದ ಜಿಂಕೆಗೂ ಹಗ್ಗ ಕಟ್ಟಬಹುದು, ಅಲ್ವಾ?

ಚಿಕ್ಕಪ್ಪ: ಸರಿ, ಗೊಂಬೆ ಬಿಡು. ಆಗ ಆ ಪ್ರಾಣಿ ಎಲ್ಲೋ ಬದುಕಿರಬಹುದಲ್ಲ?

ಅಕ್ಕ: ಮೂಳೆ ಬೇಕು ಚಿಕ್ಕಪ್ಪ. ಆಫ್ರಿಕಾದಲ್ಲಿ ಇದರ ಬಳಗ ಜಾಸ್ತಿ ಕಾಲ ಉಳಿಯಿತು. ಅಲ್ಲಿನ ಕೊನೆಯ ಮೂಳೆಗಳೂ ಲಕ್ಷಗಟ್ಟಲೆ ವರ್ಷ ಹಳೆಯವು. 5000 ಎಲ್ಲಿ, ಲಕ್ಷಗಳೆಲ್ಲಿ!

ಅಣ್ಣ: ಆನೆ ಗಾತ್ರ ಅನ್ನೋದು?

ಅಕ್ಕ: ಅದೂ ಉತ್ಪ್ರೇಕ್ಷೆಯೇ. 2016ರಲ್ಲಿ ಕಂಪ್ಯೂಟರಿನಲ್ಲಿ ಮೂಳೆ ಜೋಡಿಸಿ ಲೆಕ್ಕ ಹಾಕಿದರು, ಸುಮಾರು 1,250 ಕೆಜಿ ಬಂತು. ಏಷ್ಯಾದ ಗಂಡಾನೆ ಅದರ ಮೂರು ಪಟ್ಟು ತೂಗುತ್ತದೆ. ಕತ್ತು ಗಿಡ್ಡ, ಮೈ ಗಟ್ಟಿ.

ಅಣ್ಣ: ಗಿಡ್ಡ ಕತ್ತಿನ ಜಿರಾಫೆ ಬಳಗವಾ?

ಅಕ್ಕ: ಆಫ್ರಿಕಾದ ಕಾಡಿನಲ್ಲಿರುವ ಒಕಾಪಿಯೂ ಜಿರಾಫೆ ಬಳಗದ್ದೇ, ಅದರ ಕತ್ತೂ ಗಿಡ್ಡವೇ. ನನಗೆ ತುಂಬಾ ಇಷ್ಟವಾದದ್ದು ಸಮೋಥೀರಿಯಂ, ಅದೇ ಬಳಗದ ಅಳಿದುಹೋದ ಪ್ರಾಣಿ. ಸುಮಾರು 70 ಲಕ್ಷ ವರ್ಷದ ಹಿಂದಿನದು. ಅದರ ಕತ್ತು ಒಂದು ಮೀಟರ್ ಆಸುಪಾಸು, ಜಿರಾಫೆಯದು ಎರಡು. ಕತ್ತಿನ ಮೂಳೆ ಮಾತ್ರ ಇಬ್ಬರಿಗೂ ಏಳೇ! ಈ ಬಳಗದ ಕತ್ತು ನೀಳವಾಗುತ್ತಾ ಬಂದಾಗ ಒಂದೊಂದು ಮೂಳೆಯೂ ಉದ್ದವಾಗಿದೆ, ಅದೂ ಮೊದಲು ತಲೆಯ ಕಡೆಯ ತುದಿ, ಆಮೇಲೆ ಮೈ ಕಡೆಯದು. ಇಂಥ ಸಾಕ್ಷಿ ಕೈಯಲ್ಲಿರುವಾಗ ಮೂಗುದಾರದ ಕಥೆ ಯಾಕೆ ಹಬ್ಬಿಸಬೇಕು?

ಚಿಕ್ಕಪ್ಪ: ಓದಲು ಚೆನ್ನಾಗಿತ್ತು, ಕಳಿಸಿದೆ. ಅಷ್ಟೇ.

ಅತ್ತೆ: ಮಕ್ಕಳಿಗೆ ಏನು ತೋರಿಸಲಿ ಹಾಗಾದರೆ?

ಅಕ್ಕ: ಶಿವಥೀರಿಯಂ ತಲೆಬುರುಡೆಯ ಫೋಟೋ ತೋರಿಸಿ ಅತ್ತೆ. 1836ರಲ್ಲಿ ಫಾಲ್ಕನರ್ ಮತ್ತು ಕಾಟ್ಲಿ ಎಂಬ ಬ್ರಿಟಿಷ್ ಸಂಶೋಧಕರು ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆ ನೋಡಿ ಹೆಸರಿಟ್ಟದ್ದು. ಕೊಂಬು ನಾಲ್ಕು. ಕಣ್ಣಿನ ಮೇಲೆ ಎರಡು ಚಿಕ್ಕವು, ಚೂಪು. ಹಿಂದೆ ಎರಡು ದೊಡ್ಡವು, ಅಗಲವಾಗಿ ಹರಡಿವೆ. ಎಣಿಸಲು ಹೇಳಿ.