ಚೆಂಡುಹೂವು ಯಾರದು? ನಮ್ಮ ಮನೆ ಗುಂಪಿನ ಒಂದು ಜಗಳ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮೈಸೂರು ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. ಅಲ್ಲಿಂದ ಶುರುವಾದ ಮಾತು ರಾತ್ರಿವರೆಗೂ ನಿಲ್ಲಲಿಲ್ಲ. ಎಲ್ಲರನ್ನೂ ಕೇಳಿ, ಹೆಸರು ತೆಗೆದು, ಬೇಕಾದಷ್ಟನ್ನು ಇಲ್ಲಿ ಹಾಕಿದ್ದೇನೆ. ನಾನಿರುವುದು ಲಾಸ್ ಏಂಜಲೀಸ್‌ನಲ್ಲಿ. ಉಳಿದವರೆಲ್ಲ ಮಂಡ್ಯ, ಮೈಸೂರು, ಬೆಂಗಳೂರು.

ಮೈಸೂರು ಚಿಕ್ಕಪ್ಪ: (ಫಾರ್ವರ್ಡ್) ಪ್ರತಿಯೊಬ್ಬ ಭಾರತೀಯನೂ ಹೆಮ್ಮೆ ಪಡುವ ವಿಷಯ!! ಮೆಕ್ಸಿಕೋದವರು 3000 ವರ್ಷಗಳಿಂದ ನಮ್ಮ ಪಿತೃಪಕ್ಷ ಆಚರಿಸುತ್ತಿದ್ದಾರೆ. ಸತ್ತವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಬಡಿಸಿ, ನಮ್ಮ ಚೆಂಡುಹೂವಿನಿಂದಲೇ ಅಲಂಕಾರ ಮಾಡುತ್ತಾರೆ. ಈಗ ಅಮೆರಿಕದ ಊರೂರಲ್ಲೂ ಹಬ್ಬಿದೆ. ಇದನ್ನು ಕಲಿಸಿದವರು ನಮ್ಮ ಋಷಿಮುನಿಗಳು. ಹತ್ತು ಜನರಿಗೆ ಕಳಿಸಿ.

ಜೊತೆಗೆ ಒಂದು ಫೋಟೋ. ಅಗಲವಾದ ರಸ್ತೆ, ಎರಡಾಳೆತ್ತರದ ಅಸ್ಥಿಪಂಜರದ ಬೊಂಬೆಗಳು, ಮುಖಕ್ಕೆ ತಲೆಬುರುಡೆಯ ಹಾಗೆ ಬಣ್ಣ ಬಳಿದುಕೊಂಡ ಹೆಂಗಸರು.

ದೊಡ್ಡಪ್ಪ: ಸತ್ಯವಾದ ಮಾತು 🙏 ಅವರಾದರೂ ಉಳಿಸಿಕೊಂಡಿದ್ದಾರೆ. ನಮ್ಮ ಮಕ್ಕಳಿಗೆ ಎಡೆ ಇಡುವ ದಿನವೂ ರಜೆ ಸಿಗುವುದಿಲ್ಲ.

ಭಾವ: ಆಧಾರ ಏನು ಮಾವ? ಈ ಫೋಟೋ ಮೆಕ್ಸಿಕೋ ನಗರದಲ್ಲಿ ‘ಸತ್ತವರ ದಿನ’ ಎಂಬ ಹಬ್ಬಕ್ಕೆ ನಡೆಯುವ ಮೆರವಣಿಗೆಯದು. ಅದು ಶುರುವಾಗಿದ್ದೇ 2016ರಲ್ಲಿ. ಅದಕ್ಕೆ ಹಿಂದಿನ ವರ್ಷ ಬಂದ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಇಂಥ ಮೆರವಣಿಗೆ ತೋರಿಸಿದ್ದರು. ಅದನ್ನು ನೋಡಿ ಅಲ್ಲಿಯವರು ನಿಜಕ್ಕೂ ನಡೆಸಲು ಶುರು ಮಾಡಿದರು. 3000 ವರ್ಷ ಎಲ್ಲಿಂದ ಬಂತು?

ಮೈಸೂರು ಚಿಕ್ಕಪ್ಪ: ಅಳಿಯಂದಿರಿಗೆ ಎಲ್ಲಕ್ಕೂ ಆಧಾರ ಬೇಕು. ಮದುವೆ ಮಾತುಕತೆಯಲ್ಲಿ ನಾವು ಸೈಟಿನ ಪತ್ರ ಕೇಳಿದಾಗ ಮಾತ್ರ ಯಾವ ಆಧಾರವೂ ಸಿಕ್ಕಲಿಲ್ಲ.

ಅಕ್ಕ: ಚಿಕ್ಕಪ್ಪ, ಹಬ್ಬದ ದಿನ ಸೈಟಿನ ಮಾತು ಬೇಡ.

ಅತ್ತೆ ಮಗ, ಮದ್ದೂರು: ಎಡೆ ಅಂದ್ರೆ ತಾತನ ಎಡೆ ಕಣ್ರಪ್ಪ. ಬಾಳೆಲೆ ತುಂಬ ಮುದ್ದೆ, ತಲೆಮಾಂಸ, ಕಜ್ಜಾಯ. ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬಾಟಲಿ. ಧೂಪ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ಜಗಲಿ ಮೇಲೆ ನಿಲ್ತಿದ್ವಿ. ಒಳಗೆ ಸದ್ದಾದ್ರೆ ತಾತ ಬಂದ್ರು ಅಂತ ಅಜ್ಜಿ ಕೈ ಮುಗೀತಿದ್ರು. ಬೆಂಕಿಪೊಟ್ಟಣ ಮರೆತ ವರ್ಷ ಅಜ್ಜಿ ಊಟಾನೇ ಮಾಡ್ಲಿಲ್ಲ, ನೆನಪಿದೆಯಾ?

ಮಳವಳ್ಳಿ ಅತ್ತೆ: ಮರೆತಿದ್ದು ನಾನಲ್ಲ. ನನ್ನ ಮೇಲೆ ಹಾಕಿದ್ರು ಎಲ್ಲರೂ.

ನಾನು: ಚಿಕ್ಕಪ್ಪ, ಹೋಲಿಕೆ ಇರುವುದು ನಿಜ. ನಾನೇ ಇಲ್ಲಿ ಕಣ್ಣಾರೆ ನೋಡಿದ್ದೇನೆ. ಆದರೆ ಚೆಂಡುಹೂವು ಇಂಡಿಯಾದಿಂದ ಮೆಕ್ಸಿಕೋಗೆ ಹೋಗಿದ್ದಲ್ಲ. ಅದರ ತವರೇ ಮೆಕ್ಸಿಕೋ. ಐರೋಪ್ಯರು ಹಡಗಿನಲ್ಲಿ ಬಂದು ಹೋಗಲು ಶುರುವಾದ ಮೇಲೆ ನಮಗೆ ಸಿಕ್ಕ ಹೂವು ಅದು. ಇವತ್ತು ಎಡೆಗೆ ಬಡಿಸುವ ಸಾರಿನ ಮೆಣಸಿನಕಾಯಿ, ಟೊಮೆಟೊ ಎರಡೂ ಆ ಕಡೆಯಿಂದಲೇ ಬಂದವು. ಹಾಗಿರುವಾಗ ಹೂವನ್ನು ಸಾಕ್ಷಿಗೆ ಕರೆದರೆ ಅದು ಅವರ ಪರ ಹೇಳುತ್ತದೆ.

ಮೈಸೂರು ಚಿಕ್ಕಪ್ಪ: ಅಮೆರಿಕಕ್ಕೆ ಹೋದ ಮೇಲೆ ನಿಮಗೆ ನಮ್ಮದು ಯಾವುದೂ ನಮ್ಮದಲ್ಲ.

ಅತ್ತೆ ಮಗ, ಮದ್ದೂರು: ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಚೆಂಡುಹೂವು ಹಾಕ್ತಾರೆ, ಬಣ್ಣ ತೆಗೆಯೋಕೆ. ಈ ಸಲ ರೇಟ್ ಹೇಗಿದೆ, ಯಾರಿಗಾದ್ರೂ ಗೊತ್ತಾ?

ಮಾತು ಹೂವಿನ ರೇಟಿಗೆ ತಿರುಗಿತು. ಆಮೇಲೆ ಟ್ರ್ಯಾಕ್ಟರ್ ಸಾಲಕ್ಕೆ. ಅದನ್ನು ಬಿಟ್ಟಿದ್ದೇನೆ. ನನಗೆ ಸುಮ್ಮನಿರಲು ಆಗಲಿಲ್ಲ. ಈ ಫಾರ್ವರ್ಡ್‌ನಲ್ಲಿ ನಿಜಕ್ಕೂ ನೋಯಿಸುವ ಸಾಲು ಋಷಿಮುನಿಗಳದಲ್ಲ, ‘ಅಮೆರಿಕದ ಊರೂರಲ್ಲೂ ಹಬ್ಬಿದೆ’ ಎಂಬುದು. ಅದು ತಾನಾಗಿ ಹಬ್ಬಿದ ಹಾಗೆ, ಗಾಳಿಗೆ ಬಿದ್ದ ಬೀಜ ಮೊಳೆತ ಹಾಗೆ ಬರೆದಿದ್ದಾರೆ. ಹಬ್ಬಿಸಿದವರ ಹೆಸರೇ ಇಲ್ಲ.

ನಾನು: ಉದ್ದ ಆಗುತ್ತದೆ, ದಯವಿಟ್ಟು ಓದಿ. ಸತ್ತವರಿಗೆ ಎಡೆ ಇಡುವ ಪದ್ಧತಿ ಸ್ಪೇನಿನವರು ಬರುವ ಮುಂಚೆಯೇ ಮೆಕ್ಸಿಕೋದ ಮೂಲ ಜನರಲ್ಲಿತ್ತು. ಆಮೇಲೆ ಅದು ಕ್ಯಾಥೊಲಿಕರ ಹಬ್ಬದ ಜೊತೆ ಬೆರೆತು ನವೆಂಬರ್ 1 ಮತ್ತು 2ಕ್ಕೆ ಬಂತು. ಅಲ್ಲಿಂದ ಅಮೆರಿಕಕ್ಕೆ ಬಂದ ಮನೆಗಳಲ್ಲಿ ಕೆಲವರು ಮೂಲೆಯ ಗೂಡಿನಲ್ಲಿ ದೇವರ ಪಟ, ಸತ್ತವರ ಫೋಟೋ ಇಟ್ಟುಕೊಂಡಿದ್ದರು. ಬೀದಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅವರ ಮಕ್ಕಳು ಸ್ಕೂಲಿನಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ. 1968ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್‌ನ ಪೂರ್ವ ಭಾಗದ ಹೈಸ್ಕೂಲ್ ಮಕ್ಕಳು ಸಾವಿರಾರು ಜನ ತರಗತಿ ಬಿಟ್ಟು ರಸ್ತೆಗೆ ಬಂದರು. ಅವರ ದೂರುಗಳಲ್ಲಿ ಇದೂ ಒಂದು. ಮೆಕ್ಸಿಕೋ ಮೂಲದ ಆ ಹೋರಾಟಗಾರರೇ ತಮ್ಮನ್ನು ಚಿಕಾನೊ (ಹೆಂಗಸರಾದರೆ ಚಿಕಾನಾ) ಎಂದು ಹೆಮ್ಮೆಯಿಂದ ಕರೆದುಕೊಂಡವರು.

ನಾನು: ಆಗ ವಿಯೆಟ್ನಾಂ ಯುದ್ಧ. ಆ ಬೀದಿಗಳ ಹುಡುಗರು ಶವವಾಗಿ ವಾಪಸ್ ಬರುತ್ತಿದ್ದರು. 1970ರ ಆಗಸ್ಟ್ 29ರಂದು ಯುದ್ಧ ಬೇಡ ಎಂದು ಇಲ್ಲೇ ದೊಡ್ಡ ಮೆರವಣಿಗೆ ನಡೆಯಿತು. ಪೊಲೀಸರು ಚದುರಿಸಿದರು. ರೂಬೆನ್ ಸಲಾಜಾರ್ ಎಂಬ ಪತ್ರಕರ್ತರು ಒಂದು ಬಾರ್ ಒಳಗೆ ಕೂತಿದ್ದಾಗ ಅಶ್ರುವಾಯು ಶೆಲ್ ತಲೆಗೆ ಬಡಿದು ಸತ್ತರು. ಅದೇ ಸುಮಾರಿಗೆ ಸಿಸ್ಟರ್ ಕ್ಯಾರೆನ್ ಬೊಕಲೆರೊ ಎಂಬ ಕ್ರೈಸ್ತ ಸನ್ಯಾಸಿನಿ, ಜೊತೆಗೆ ಕೆಲವು ಕಲಾವಿದರು, ಒಂದು ಗ್ಯಾರೇಜಿನಲ್ಲಿ ಮುದ್ರಣ ಚಿತ್ರ ಮಾಡುತ್ತಾ ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್ ಕಟ್ಟಿದರು. ಸತ್ತವರ ದಿನವನ್ನು ಮನೆಯ ಮೂಲೆಯಿಂದ ಬೀದಿಗೆ ತಂದವರಲ್ಲಿ ಇವರು ಮೊದಲಿಗರು. ಮಗನನ್ನು ಕಳೆದುಕೊಂಡ ತಾಯಂದಿರ ಊರಿನಲ್ಲಿ ಜನ ಅಸ್ಥಿಪಂಜರದ ವೇಷ ಹಾಕಿ ನಡೆದರು. ಇದನ್ನೆಲ್ಲ ಅಳಿಸಿ ‘ನಮ್ಮಿಂದ ಕಲಿತರು’ ಎಂದರೆ ಹೇಗೆ?

ಮಳವಳ್ಳಿ ಅತ್ತೆ: ಸ್ಕೂಲಲ್ಲಿ ಅವರ ಭಾಷೆ ಮಾತಾಡಿದ್ರೆ ಶಿಕ್ಷೆನಾ? ನಮ್ಮ ಚಿಕ್ಕವನಿಗೂ ಅದೇ ಆಯ್ತಲ್ಲ. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿಸಿಕೊಂಡ್ರು. ಮಗು ಒಂದು ವಾರ ಬಾಯೇ ಬಿಡ್ಲಿಲ್ಲ.

ಅಕ್ಕ: ಆ ಸ್ಕೂಲಿಗೆ ಸೇರಿಸಿ ಅಂತ ಹೇಳಿದ್ದು ಯಾರು?

ಮಳವಳ್ಳಿ ಅತ್ತೆ: ದೊಡ್ಡಣ್ಣ ಹೇಳಿದ್ರು.

ದೊಡ್ಡಪ್ಪ: ನಾನು ಒಳ್ಳೆಯ ಸ್ಕೂಲಿಗೆ ಸೇರಿಸಿ ಎಂದೆ. ಹೆಸರು ಹೇಳಿರಲಿಲ್ಲ. ನಲವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಒಳ್ಳೆಯದು ಕೆಟ್ಟದ್ದು ಗೊತ್ತು.

ಭಾವ: ಮೇಲಿನ ಎರಡು ಮೆಸೇಜ್ ಯಾರಾದರೂ ಓದಿದ್ದೀರಾ?

ಮೈಸೂರು ಚಿಕ್ಕಪ್ಪ: ಉದ್ದ ಇದೆ, ಆಮೇಲೆ ಓದ್ತೀನಿ.

ನಾನು: ಓದಿ ಚಿಕ್ಕಪ್ಪ. ನಿಮಗೆ ಕೋಪ ಬರುವ ಇನ್ನೊಂದು ವಿಷಯ ಹೇಳುತ್ತೇನೆ. 2013ರಲ್ಲಿ ಡಿಸ್ನಿ ಕಂಪನಿ ಈ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿತ್ತು. ಬರಲಿದ್ದ ಸಿನಿಮಾದ ಬೊಂಬೆ, ತಿಂಡಿ ಮಾರುವುದಕ್ಕೆ. ಜನ ರೇಗಿದರು. ಲಾಲೊ ಅಲ್ಕರಾಜ್ ಎಂಬ ಚಿಕಾನೊ ವ್ಯಂಗ್ಯಚಿತ್ರಕಾರ ಊರನ್ನು ತುಳಿಯಲು ಬರುತ್ತಿರುವ ದೈತ್ಯ ಇಲಿಯ ಅಸ್ಥಿಪಂಜರ ಬರೆದರು. ಕಂಪನಿ ಅರ್ಜಿ ವಾಪಸ್ ತೆಗೆದುಕೊಂಡಿತು. ಆಮೇಲೆ ಅದೇ ಸಿನಿಮಾಕ್ಕೆ ಸಲಹೆ ಕೊಡಲು ಅವರನ್ನೇ ಕರೆಯಿತು. ನಾಳೆ ಯಾವುದೋ ಕಂಪನಿ ‘ಮಹಾಲಯ’ ನಮ್ಮ ಸ್ವತ್ತು ಎಂದರೆ ನೀವು ಸುಮ್ಮನಿರುತ್ತೀರಾ?

ಮೈಸೂರು ಚಿಕ್ಕಪ್ಪ: ಅದು ಬೇರೆ. ಅದು ದುಡ್ಡಿನ ವಿಷಯ.

ನಾನು: ದುಡ್ಡಿಗೆ ಕಿತ್ತುಕೊಂಡರೂ ಹೆಮ್ಮೆಗೆ ಕಿತ್ತುಕೊಂಡರೂ ಕಳೆದುಕೊಂಡವರಿಗೆ ಒಂದೇ ಅಲ್ವಾ?

ಇದಾದ ಮೇಲೆ ನಾನೊಂದು ಫೋಟೋ ಕಳಿಸಿದೆ. ಹೋದ ನವೆಂಬರ್‌ನದು. ನಗರದ ನಡುವಿನ ಗ್ರ್ಯಾಂಡ್ ಪಾರ್ಕ್‌ನಲ್ಲಿ ಎಲ್ಲರಿಗೂ ಸೇರಿದ ಒಂದು ದೊಡ್ಡ ಎಡೆಕಟ್ಟೆ ಕಟ್ಟುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತದೆ, ನಮ್ಮ ದಸರಾ ಬೊಂಬೆಯ ಹಲಗೆಗಳಂತೆ. ಯಾರು ಬೇಕಾದರೂ ತಮ್ಮವರ ಫೋಟೋ ಇಡಬಹುದು. ನಾನು ಅಜ್ಜಿಯ ಫೋಟೋ ಇಟ್ಟೆ. ಮುಂದೆ ಎರಡು ವೀಳ್ಯದೆಲೆ, ಒಡೆದ ಅಡಿಕೆ, ಸುಣ್ಣದ ಡಬ್ಬಿ. ಎಡಗಡೆ ಮೀಸೆ ತಾತನೊಬ್ಬರ ಫೋಟೋ, ಅವರ ಮುಂದೆ ಒಂದು ಬಾಟಲಿ ಬಿಯರ್. ಬಲಗಡೆ ಎಳೆ ವಯಸ್ಸಿನ ಹುಡುಗನ ಫೋಟೋ, ಅವನ ಮುಂದೆ ಒಂದು ಆಟದ ಕಾರು.

ದೊಡ್ಡಪ್ಪ: ಇದೇನು? ನಮ್ಮವ್ವನ ಫೋಟೋ ಬೀದಿಯಲ್ಲಿ? ಯಾರದೋ ದೇವರ ಮುಂದೆ?

ದೊಡ್ಡಪ್ಪ: ಅವ್ವ ಹೋದಾಗ ನೀನು ಬರಲಿಲ್ಲ. ಹನ್ನೊಂದರ ದಿನಕ್ಕೂ ಬರಲಿಲ್ಲ. ಈಗ ಅಲ್ಲಿ ಕೂತು ನಮಗೆ ಪಾಠ ಹೇಳುತ್ತೀಯ.

ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು. ಹೀಗೆ ಯಾರಾದರೂ ಒಂದು ದಿನ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು.

ನಾನು: ಬರಲು ಆಗಲಿಲ್ಲ ದೊಡ್ಡಪ್ಪ. ವೀಸಾ ಕಾಗದ ಕಚೇರಿಯಲ್ಲಿತ್ತು. ಹೊರಗೆ ಹೋಗಿದ್ದರೆ ವಾಪಸ್ ಬಿಡುತ್ತಿರಲಿಲ್ಲ. ಆ ಕಟ್ಟೆಯ ಮುಂದೆ ನಿಂತವರಲ್ಲಿ ಇಂಥವರು ಎಷ್ಟೋ ಜನ. ತಾಯಿ ಸತ್ತಾಗ ಗಡಿ ದಾಟಿ ಹೋಗಲು ಆಗದವರು. ಗಡಿ ದಾಟಿ ಬರುವಾಗ ಮರುಭೂಮಿಯಲ್ಲಿ ಅಣ್ಣನನ್ನು ಕಳೆದುಕೊಂಡವರು. ಅದಕ್ಕೇ ಹೇಳುತ್ತಿದ್ದೇನೆ, ಈ ಕಲೆ ಹಬ್ಬದ ಅಲಂಕಾರ ಮಾತ್ರ ಅಲ್ಲ. ಮಣ್ಣಿಗೆ ಬರಲಾಗದವರು ತಮಗಾಗಿ ಮಾಡಿಕೊಂಡ ಜಾಗ. ಅಲ್ಲಿ ನನಗೂ ಒಂದು ಗೇಣು ಜಾಗ ಕೊಟ್ಟರು. ಯಾವ ದೇವರು, ಯಾವ ಊರು ಎಂದು ಯಾರೂ ಕೇಳಲಿಲ್ಲ.

ಮಳವಳ್ಳಿ ಅತ್ತೆ: ಅಣ್ಣ, ಸುಣ್ಣದ ಡಬ್ಬಿ ಸಮೇತ ಇಟ್ಟಿದ್ದಾಳೆ ನೋಡಿ. ಇವತ್ತು ನಮ್ಮನೆ ಎಡೆಯಲ್ಲಿ ಸುಣ್ಣ ಇಟ್ಟವರು ಯಾರು ಹೇಳಿ?

ದೊಡ್ಡಪ್ಪ ಉತ್ತರ ಕೊಡಲಿಲ್ಲ. ಆದರೆ ಫೋಟೋಗೆ ಅವರು ಹಾಕಿದ ಕೈಮುಗಿಯುವ ಗುರುತು ಈಗಲೂ ಇದೆ.

ಭಾವ: ಆ ಕಟ್ಟೆ ಕಟ್ಟಿದವರು ಯಾರು?

ನಾನು: ಒಫೀಲಿಯಾ ಎಸ್ಪಾರ್ಜಾ ಎಂಬ ಅಜ್ಜಿ, ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ವರ್ಷಾನುಗಟ್ಟಲೆ ಇಂಥ ಕಟ್ಟೆ ಕಟ್ಟಿದ್ದಾರೆ. ಹುಟ್ಟಿದ್ದು 1932ರಲ್ಲಿ, ಇಲ್ಲೇ ಪೂರ್ವ ಲಾಸ್ ಏಂಜಲೀಸ್‌ನಲ್ಲಿ. ನಿಮ್ಮ ಹಾಗೇ ಮೇಷ್ಟರು, ದೊಡ್ಡಪ್ಪ, ಸರ್ಕಾರಿ ಸ್ಕೂಲಿನಲ್ಲಿ ಪಾಠ ಮಾಡಿದವರು. ಎಡೆ ಕಟ್ಟುವುದನ್ನು ಅವರವ್ವನಿಂದ ಕಲಿತರು. 2018ರಲ್ಲಿ ಅಮೆರಿಕ ಸರ್ಕಾರದ ಕಲಾನಿಧಿ ಅವರಿಗೆ ಜನಪದ ಕಲೆಯ ದೊಡ್ಡ ಗೌರವ ಕೊಟ್ಟಿತು. ಮನುಷ್ಯನಿಗೆ ಮೂರು ಸಾವು ಎಂದು ಅವರವ್ವ ಹೇಳುತ್ತಿದ್ದರಂತೆ. ಉಸಿರು ನಿಂತಾಗ ಒಂದು, ಮಣ್ಣಿಗೆ ಇಳಿಸಿದಾಗ ಇನ್ನೊಂದು. ಎಲ್ಲರೂ ಮರೆತಾಗ ಬರುವ ಮೂರನೆಯದೇ ಘೋರ.

ಮೈಸೂರು ಚಿಕ್ಕಪ್ಪ: ನಮ್ಮಲ್ಲೂ ಅದನ್ನೇ ಹೇಳಿದ್ದಾರೆ.

ನಾನು: ಹೇಳಿರಬಹುದು ಚಿಕ್ಕಪ್ಪ. ಇಬ್ಬರೂ ಬೇರೆ ಬೇರೆಯಾಗಿ ಅದೇ ಜಾಗಕ್ಕೆ ಬಂದರು ಎನ್ನುವುದು ನನಗೆ ಜಾಸ್ತಿ ಖುಷಿ ಕೊಡುತ್ತದೆ. ಒಬ್ಬರು ಇನ್ನೊಬ್ಬರಿಂದ ಕದ್ದರು ಎನ್ನುವುದರಲ್ಲಿ ಏನಿದೆ?

ಅಣ್ಣನ ಮಗಳು: ಅತ್ತೆ, ಒಂದು ಡೌಟು. ಇದು ಭಕ್ತಿ ಸರಿ. ಕಲೆ ಹೇಗಾಗುತ್ತೆ? ನಮ್ಮ ಕಾಲೇಜಲ್ಲಿ ಇದನ್ನ ತೋರಿಸಿದ್ರೆ ಮನೆ ಪೂಜೆ ಫೋಟೋ ತಂದಿದ್ದೀಯಾ ಅಂತಾರೆ.

ಬೆಳಿಗ್ಗೆಯಿಂದ ಬಂದ ಪ್ರಶ್ನೆಗಳಲ್ಲಿ ಇದೇ ನನಗೆ ಹೆಚ್ಚು ಹಿಡಿಸಿದ್ದು. ಚಿತ್ರಕಲೆ ಓದುತ್ತಿರುವ ಹುಡುಗಿ, ನಮ್ಮ ಗುಂಪಿನಲ್ಲಿ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ.

ನಾನು: ಅದೇ ಮಾತನ್ನು ಇವರಿಗೂ ಹೇಳಿದ್ದರು ಪುಟ್ಟಾ. ಅಮಾಲಿಯಾ ಮೇಸಾ ಬೇನ್ಸ್ ಅಂತ ಹುಡುಕಿ ನೋಡು. 1943ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಹುಟ್ಟಿದವರು, ಈಗ ನಮ್ಮ ಕನ್ನಡದ ಐಟಿ ಮಕ್ಕಳು ತುಂಬಿರುವ ಊರು. ಮೆಕ್ಸಿಕೋದಿಂದ ಬಂದವರ ಮಗಳು. 1984ರಲ್ಲಿ ಡೊಲೊರೆಸ್ ಡೆಲ್ ರಿಯೊ ಎಂಬ ನಟಿಗಾಗಿ ಒಂದು ಎಡೆಕಟ್ಟೆ ಮಾಡಿದರು. ಹಾಲಿವುಡ್‌ನಲ್ಲಿ ಹೆಸರು ಮಾಡಿ ಮೆಕ್ಸಿಕೋಗೆ ವಾಪಸ್ ಹೋದ ನಟಿ, ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ನೋಡಿದರೆ ಹೆಂಗಸರ ಅಲಂಕಾರದ ಮೇಜಿನ ಹಾಗಿದೆ. ಗುಲಾಬಿ ಸ್ಯಾಟಿನ್ ಬಟ್ಟೆ, ಕನ್ನಡಿಗಳು, ಚೌಕಟ್ಟು ಹಾಕಿದ ಫೋಟೋಗಳು, ಒಣಗಿದ ಹೂವು, ಮಿನುಗುಪುಡಿ. ಎಲ್ಲ ಮನೆಯಲ್ಲಿ ಸಿಗುವಂಥದ್ದೇ. ಆದರೆ ಯಾವುದರ ಪಕ್ಕ ಯಾವುದು, ಯಾವುದು ಎತ್ತರದಲ್ಲಿ, ಕನ್ನಡಿಯಲ್ಲಿ ನೋಡುವವರ ಮುಖ ಎಲ್ಲಿ ಬೀಳಬೇಕು, ಅದೆಲ್ಲ ಲೆಕ್ಕ ಹಾಕಿ ಇಟ್ಟದ್ದು. ಈಗ ಅದು ಸ್ಮಿತ್‌ಸೋನಿಯನ್ ಕಲಾ ಸಂಗ್ರಹಾಲಯದಲ್ಲಿದೆ.

ನಾನು: ಬಡವರ ಮನೆಯ ಹೆಂಗಸರು ಇರುವುದರಲ್ಲೇ ಚೆಂದ ಮಾಡುವುದನ್ನು ತಲೆಮಾರುಗಳಿಂದ ಅಭ್ಯಾಸ ಮಾಡಿದ್ದಾರೆ. ಅದಕ್ಕೆ ಕಲೆ ಎನ್ನಲು ಬೇರೆಯವರ ಅಪ್ಪಣೆ ಬೇಡ ಎಂದು ಈ ಚಿಕಾನಾ ಕಲಾವಿದೆಯರು ತೋರಿಸಿದರು. ನೀನು ಕಾಲೇಜಿನಲ್ಲಿ ಇದನ್ನು ಗಟ್ಟಿಯಾಗಿ ಹೇಳು.

ಅಣ್ಣನ ಮಗಳು: ಹಾಗಾದ್ರೆ ಮುತ್ತಜ್ಜಿ ಎಲೆಅಡಿಕೆ ಪೆಟ್ಟಿಗೆ ಇಟ್ಕೊಂಡು ಕೊನೆ ವರ್ಷದ ಕೆಲಸ ಮಾಡ್ತೀನಿ. ಹಿತ್ತಾಳೆಯದು ಇತ್ತಲ್ಲ, ಒಳಗೆ ಸಣ್ಣ ಸಣ್ಣ ಖಾನೆ ಇರೋದು. ಎಲ್ಲಿದೆ ಅದು?

ಮಳವಳ್ಳಿ ಅತ್ತೆ: ಮೈಸೂರಲ್ಲಿದೆ.

ಮೈಸೂರು ಚಿಕ್ಕಪ್ಪ: ನನ್ನ ಹತ್ತಿರ ಇಲ್ಲ.

ಮಳವಳ್ಳಿ ಅತ್ತೆ: ತಿಥಿ ಊಟ ಮುಗಿದ ಮೇಲೆ ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದು ನಾನೇ ನೋಡಿದ್ದೀನಿ.

ದೊಡ್ಡಪ್ಪ: ನಾನೂ ನೋಡಿದ್ದೇನೆ. ಮಗು ಓದಿಗೆ ಕೇಳುತ್ತಿದೆ. ಕೊಡು.

ಮೈಸೂರು ಚಿಕ್ಕಪ್ಪ: ಅಟ್ಟದ ಮೇಲೆ ನೋಡ್ತೀನಿ. ಇದ್ರೆ ಭಾನುವಾರ ತರ್ತೀನಿ.